ಮುರಿಯುವ ಮರಳು

ಮರಳಲ್ಲಿ ಯಾವ ಗಾತ್ರದ ಕಣ ಎಷ್ಟಿದೆ ಅಂತ ತೋರಿಸೋ ಗ್ರಾಫ್ ಒಂದನ್ನು ಊಹಿಸಿಕೊಳ್ಳಿ. ಅದರಲ್ಲಿ ಎರಡು ಗೆರೆ, ಎರಡೂ ಒಂದೇ ಸ್ಯಾಂಪಲ್‌ನವು. ಒಂದು ಟ್ರೈಆಕ್ಸಿಯಲ್ ಟೆಸ್ಟ್‌ಗೆ (ಮರಳನ್ನು ರಬ್ಬರ್ ಪೊರೆಯಲ್ಲಿ ತುಂಬಿ, ಸುತ್ತಲೂ ಒತ್ತಡ ಕೊಟ್ಟು, ಮೇಲಿಂದ ಅದುಮೋ ಪರೀಕ್ಷೆ) ಮುಂಚೆ ಜರಡಿ ಹಿಡಿದದ್ದು. ಇನ್ನೊಂದು ಟೆಸ್ಟ್ ಮುಗಿದ ಮೇಲೆ ರಬ್ಬರ್ ಪೊರೆ ಬಿಚ್ಚಿ, ಒಣಗಿಸಿ, ಮತ್ತೆ ಜರಡಿ ಹಿಡಿದದ್ದು. ಎರಡನೇ ಗೆರೆ ಸಣ್ಣ ಕಣಗಳ ಕಡೆಗೆ ಸರಿದಿದೆ. ಒಳಗೆ ಹಾಕಿದ ಮರಳೇ ಬೇರೆ, ಆಚೆ ಬಂದ ಮರಳೇ ಬೇರೆ! 1985ರಲ್ಲಿ ಮಣ್ಣಿನ ಎಂಜಿನಿಯರಿಂಗ್ ಸಂಶೋಧಕ ಹಾರ್ಡಿನ್ ಈ ಗೆರೆಗಳ ನಡುವಿನ ಜಾಗವನ್ನೇ ಹಿಡಿದು ಒಡೆತವನ್ನು ಅಳೆಯೋ ದಾರಿ ಕೊಟ್ಟರು.

ಹರಳಿಗೆ ಹರಳು ತಾಗುವ ಜಾಗ ತೀರಾ ಚಿಕ್ಕದು, ಭಾರವೆಲ್ಲ ಅಲ್ಲೇ ಬೀಳುತ್ತೆ. ಚೂಪು ಮೂಲೆಗಳು ಉದುರುತ್ತವೆ, ಒತ್ತಡ ಏರಿದ್ರೆ ಹರಳೇ ಸೀಳುತ್ತೆ. ದೊಡ್ಡ ಹರಳಿನೊಳಗೆ ಬಿರುಕುಗಳು ಜಾಸ್ತಿ, ಒಂಟಿಯಾಗಿ ಒತ್ತಿದ್ರೆ ಅದೇ ಬೇಗ ಒಡೆಯೋದು. ಆದರೆ ಸುತ್ತ ಸಣ್ಣ ಕಣಗಳು ತುಂಬಿಕೊಂಡ್ರೆ ನಾಲ್ಕೂ ಕಡೆಯಿಂದ ಆಸರೆ ಸಿಕ್ಕಿ ದೊಡ್ಡದು ಉಳಿದುಕೊಳ್ಳುತ್ತೆ. ನನಗೆ ಇಡೀ ವಿಷಯದಲ್ಲಿ ಅತಿ ಚೆಂದ ಅನ್ನಿಸೋದು ಇದೇ. ಒಂದೇ ಗಾತ್ರದ ಹರಳುಗಳ ಮರಳು ಹೆಚ್ಚು ಪುಡಿಯಾಗೋದಕ್ಕೂ ಇದು ಕಾರಣ.

ಈಗ ಬಲದ ಮಾತು. ಒತ್ತಾಗಿ ಕೂತ ಮರಳನ್ನು ಜಾರಿಸಬೇಕಾದ್ರೆ ಹರಳುಗಳು ಒಂದನ್ನೊಂದು ಹತ್ತಿ ದಾಟಬೇಕು, ಅದಕ್ಕೇ ಮರಳು ಉಬ್ಬುತ್ತೆ. ಅದರ ಬಲದಲ್ಲಿ ಒಳ್ಳೇ ಪಾಲು ಈ ಉಬ್ಬಿನಿಂದಲೇ ಬರೋದು. ಒತ್ತಡ ವಿಪರೀತ ಆದಾಗ ಹತ್ತೋದಿಲ್ಲ, ಮುರಿದುಕೊಂಡೇ ದಾಟುತ್ತವೆ. ಉಬ್ಬು ಅಡಗುತ್ತೆ, ಗರಿಷ್ಠ ಘರ್ಷಣ ಕೋನ, ಅಂದ್ರೆ ಮರಳು ಜಾರದಂತೆ ತಡೆಯೋ ಬಲದ ಅಳತೆ, ಇಳಿಯುತ್ತೆ. ಕಡಿಮೆ ಒತ್ತಡದಲ್ಲಿ ಸಿಕ್ಕ ಕೋನವನ್ನು, ಒತ್ತಡ ವಿಪರೀತ ಇರೋ ಪೈಲ್ (ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಇಳಿಸೋ ಕಂಬ) ತುದಿಯ ಲೆಕ್ಕಕ್ಕೆ ಹಾಗೇ ಹಾಕೋದು ಅಪಾಯ. ಪುಡಿ ಸಂದುಗಳಲ್ಲಿ ಕೂತು ನೀರು ಹರಿಯೋದೂ ನಿಧಾನವಾಗುತ್ತೆ.

ಕ್ವಾರ್ಟ್ಜ್ ಮರಳು ಸುಲಭಕ್ಕೆ ಬಗ್ಗಲ್ಲ. ಚಿಪ್ಪು, ಹವಳಗಳಿಂದಾದ ಸುಣ್ಣದ ಮರಳಿನ ಹರಳೊಳಗೇ ಟೊಳ್ಳು ಇರುತ್ತೆ, ಅದು ಎಷ್ಟೋ ಕಡಿಮೆ ಒತ್ತಡಕ್ಕೇ ಪುಡಿಪುಡಿ. 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ವಾಯವ್ಯ ಕಡಲಿನಲ್ಲಿ ನಾರ್ತ್ ರ‍್ಯಾಂಕಿನ್ ಅನ್ನೋ ಅನಿಲ ತೆಗೆಯೋ ಪ್ಲಾಟ್‌ಫಾರ್ಮ್‌ನ ಪೈಲ್‌ಗಳನ್ನು ಇಂಥ ನೆಲಕ್ಕೆ ಬಡಿದಾಗ, ಅವು ತಮ್ಮ ಭಾರಕ್ಕೇ ಹತ್ತಾರು ಮೀಟರ್ ಇಳಿದುಬಿಟ್ಟವು. ಬಡಿತಕ್ಕೆ ಹರಳು ಒಡೆದು, ಮರಳು ಕುಗ್ಗಿ, ಪೈಲ್ ಮೈಯನ್ನು ಪಕ್ಕದಿಂದ ಒತ್ತಿ ಹಿಡಿಯೋ ಶಕ್ತಿ ಇಲ್ಲವಾಗುತ್ತೆ. ಅದಕ್ಕೇ ಅಂಥ ಕಡೆ ರಂಧ್ರ ಕೊರೆದು, ಕೊಳವೆ ಇಳಿಸಿ, ಸುತ್ತ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುವ ಪೈಲ್‌ಗಳನ್ನು ಬಳಸ್ತಾರೆ. ಗ್ರೌಟ್ ಆ ಮರಳನ್ನು ಕಚ್ಚಿ ಹಿಡಿಯುತ್ತೆ, ಬಡಿಯೋ ಕೆಲಸವೇ ಇರಲ್ಲ.