ಓಟಿಯಲ್ಲಿ ಯಾರಿಗೆ, ಯಾವಾಗ ನಿಶ್ಶಬ್ದ ಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಇಲ್ಲಿ ನರ್ಸಿಂಗ್ ಓದುತ್ತಿರುವವರಿದ್ದೀರಿ, ಓಟಿ, ಅಂದರೆ ಆಪರೇಷನ್ ಥಿಯೇಟರ್, ಟೆಕ್ನಿಷಿಯನ್‌ಗಳಿದ್ದೀರಿ, ಆಸ್ಪತ್ರೆಗೆ ಸಂಬಂಧವೇ ಇಲ್ಲದವರೂ ಬಂದಿದ್ದೀರಿ. ಖುಷಿಯಾಯಿತು, ಯಾಕಂದ್ರೆ ಈ ವಿಷಯ ಎಲ್ಲರಿಗೂ ಸೇರಿದ್ದು.

ಆಪರೇಷನ್ ಥಿಯೇಟರ್ ಅಂದರೆ ಪೂರ್ತಿ ನಿಶ್ಶಬ್ದ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ರಕ್ತ ಹೀರುವ ಸಕ್ಷನ್ ಯಂತ್ರ ಗೊರಗೊರ ಅನ್ನುತ್ತಿರುತ್ತದೆ, ಬಾಗಿಲು ತೆರೆದು ಮುಚ್ಚುತ್ತಲೇ ಇರುತ್ತದೆ, ಯಾರದೋ ಫೋನು, ಸ್ಪೀಕರಿನಲ್ಲಿ ಹಾಡು, ನಡುವೆ ಒಬ್ಬರು ತಲೆ ಹಾಕಿ "ಸರ್, ಮುಂದಿನ ಕೇಸ್ ತರಬಹುದಾ?" ಅಂತ ಕೇಳುತ್ತಾರೆ.

ಇದರಲ್ಲಿ ಕೆಲವು ಸದ್ದು ಬೇಕೇ ಬೇಕು. ಪಲ್ಸ್ ಆಕ್ಸಿಮೀಟರ್ ತಗೊಳ್ಳಿ. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಅದರ ಬೀಪ್‌ನ ಶ್ರುತಿಯೂ ಇಳಿಯುತ್ತದೆ. ನಾವು ಅರಿವಳಿಕೆಯವರು ಬೆನ್ನು ತಿರುಗಿಸಿ ಸಿರಿಂಜಿಗೆ ಔಷಧಿ ತುಂಬುತ್ತಿದ್ದರೂ, ಶೇಕಡಾ 98 ಇದ್ದ ಆಮ್ಲಜನಕ ಕೆಳಗೆ ಜಾರುತ್ತಿದೆ ಅನ್ನುವುದು ಕಿವಿಗೇ ಗೊತ್ತಾಗಿ ತಿರುಗಿ ನೋಡುತ್ತೇವೆ. ಹಾಡು ಜೋರಾಗಿದ್ದರೆ ಈ ಸಣ್ಣ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ.

2012ರಲ್ಲಿ ಅಮೆರಿಕದ ಆರೆಗಾನ್‌ನಿಂದ ಒಂದು ಅಧ್ಯಯನ ಬಂತು. ತರಬೇತಿಯಲ್ಲಿದ್ದ 18 ಸರ್ಜನ್‌ಗಳಿಗೆ ಸಿಮ್ಯುಲೇಟರ್ ಮೇಲೆ, ಅಂದರೆ ಅಭ್ಯಾಸದ ಯಂತ್ರದ ಮೇಲೆ, ಲ್ಯಾಪ್ರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ) ಪಿತ್ತಕೋಶ ತೆಗೆಯಲು ಹೇಳಿದರು. ಒಮ್ಮೆ ಯಾವ ಅಡ್ಡಿಯೂ ಇಲ್ಲದೆ, ಇನ್ನೊಮ್ಮೆ ಫೋನ್ ರಿಂಗಾಗಿಸಿ, ತಟ್ಟೆ ಬೀಳಿಸಿ, ಪಕ್ಕದಲ್ಲಿ ಮಾತಾಡಿ, ಬೇರೆ ರೋಗಿಯ ಬಗ್ಗೆ ಪ್ರಶ್ನೆ ಕೇಳಿ. ಅಡ್ಡಿ ಇಲ್ಲದಾಗ ದೊಡ್ಡ ತಪ್ಪು ಮಾಡಿದವರು ಒಬ್ಬರು. ಅಡ್ಡಿ ಇದ್ದಾಗ 8 ಮಂದಿ. ಅದರಲ್ಲೂ ಹೆಚ್ಚು ತಪ್ಪು ಮಾಡಿಸಿದ್ದು ತಟ್ಟೆಯ ಸದ್ದಲ್ಲ, ಪ್ರಶ್ನೆಗಳು. ಆಮೇಲೆ ಪಕ್ಕದ ಮಾತು. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ತಟ್ಟೆ ಬಿದ್ದರೆ ಬೆಚ್ಚಿ ಮತ್ತೆ ಕೆಲಸಕ್ಕೆ ಮರಳಬಹುದು, ಆದರೆ "ವಾರ್ಡಿನ ಆ ಪೇಷಂಟಿಗೆ ಜ್ವರ ಬಂದಿದೆ, ಏನು ಕೊಡೋಣ?" ಅಂದರೆ ಸರ್ಜನ್‌ನ ಯೋಚನೆ ಹೊಟ್ಟೆಯೊಳಗಿಂದ ವಾರ್ಡಿಗೆ ಹೋಗಿಬಿಡುತ್ತದೆ, ಕೈ ಮಾತ್ರ ಇಲ್ಲೇ ಇರುತ್ತದೆ. ಕೇಳಿದವರದ್ದು ಒಳ್ಳೆಯ ಉದ್ದೇಶವೇ. ಅದಕ್ಕೇ ಯಾರೂ ತಡೆಯುವುದಿಲ್ಲ.

ವಿಮಾನದವರು ಇದಕ್ಕೆ ನಿಯಮವನ್ನೇ ಮಾಡಿಕೊಂಡಿದ್ದಾರೆ. 1974ರಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಮಂಜಿನ ನಡುವೆ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಬಿತ್ತು, 70ಕ್ಕೂ ಹೆಚ್ಚು ಜನ ಸತ್ತರು. ಪೈಲಟ್‌ಗಳು ರಾಜಕೀಯ, ಹಳೇ ಕಾರು ಅಂತ ಮಾತಾಡುತ್ತಿದ್ದರು. ಇಂಥ ಅಪಘಾತಗಳಾದ ಮೇಲೆ 1981ರಲ್ಲಿ ಅಲ್ಲಿ ನಿಯಮ ಬಂತು: 10,000 ಅಡಿಗಿಂತ ಕೆಳಗಿದ್ದಾಗ ಹಾರಾಟಕ್ಕೆ ಬೇಡದ ಮಾತು ಕೂಡದು.

ಇದನ್ನೇ ಓಟಿಗೂ ತರೋಣ ಅಂತ ತುಂಬಾ ಜನ ಹೇಳುತ್ತಾರೆ. ನಾನೂ ಹೌದು ಅನ್ನುತ್ತೇನೆ, ಆದರೆ ಒಂದು ತೊಡಕಿದೆ. ಪೈಲಟ್‌ಗಳಿಬ್ಬರೂ ಒಟ್ಟಿಗೇ ಇಳಿಯುತ್ತಾರೆ. ಓಟಿಯಲ್ಲಿ ಒಬ್ಬೊಬ್ಬರ ಕಷ್ಟದ ಗಳಿಗೆ ಒಂದೊಂದು ಹೊತ್ತಿಗೆ ಬರುತ್ತದೆ. ಪಿತ್ತಕೋಶ ತೆಗೆಯುವ ಸರ್ಜನ್‌ಗೆ ಅದು ನಾಳ ಮುಚ್ಚಲು ಕ್ಲಿಪ್ ಹಾಕುವ ಮೊದಲು, ಇದು ಪಿತ್ತಕೋಶದ್ದೇ ನಾಳ, ಯಕೃತ್ತಿನಿಂದ ಬರುವ ಮುಖ್ಯ ಪಿತ್ತನಾಳ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳುವಾಗ. ನಮಗೆ ರೋಗಿಯನ್ನು ಮಲಗಿಸುವಾಗ ಮತ್ತು ಎಬ್ಬಿಸುವಾಗ. ಎಬ್ಬಿಸುವ ಹೊತ್ತಿಗೆ ಉಳಿದವರ ಕೆಲಸ ಮುಗಿದಿರುತ್ತದೆ, ಗ್ಲೌಸ್ ತೆಗೆದು ಹರಟೆ ಶುರು, ಟ್ರಾಲಿ ಎಳೆದಾಟ ಶುರು, ಆದರೆ ಗಂಟಲಿನ ಟ್ಯೂಬ್ ತೆಗೆದ ಮೇಲೆ ಉಸಿರಾಟ ಸರಿಯಾಗಿದೆಯಾ ಅಂತ ನಾವು ಕಿವಿಗೊಟ್ಟು ಕೂತಿರುತ್ತೇವೆ.

ಇನ್ನು ಸಿಸ್ಟರ್. ಹೊಟ್ಟೆ ಮುಚ್ಚುವ ಮುಂಚೆ, ಒಳಗೆ ಯಾವುದೂ ಉಳಿದಿಲ್ಲ ಅಂತ ತಿಳಿಯಲು ಮಾಪ್ (ರಕ್ತ ಒರೆಸುವ ಬಟ್ಟೆ) ಎಣಿಸುತ್ತಾರೆ, ಒಂದೊಂದಾಗಿ ಬಿಡಿಸಿ, ಜೋರಾಗಿ ಹೇಳಿ. ಏಳಕ್ಕೆ ಬಂದಾಗ "ಸಿಸ್ಟರ್, ದಾರ ಕೊಡಿ" ಅಂದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗಬೇಕು. ಆದರೆ ಎಷ್ಟು ಜನ ಸಿಸ್ಟರ್‌ಗೆ ದೊಡ್ಡ ಡಾಕ್ಟರಿಗೆ "ಒಂದು ನಿಮಿಷ ಇರಿ ಸರ್" ಅನ್ನುವ ಧೈರ್ಯ ಇದೆ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಆಪರೇಷನ್ ಚೆಕ್‌ಲಿಸ್ಟ್‌ನಲ್ಲಿ ರೋಗಿ ಓಟಿ ಬಿಡುವ ಮೊದಲು ಈ ಎಣಿಕೆ ಸರಿಯಿದೆ ಅಂತ ನರ್ಸ್ ಬಾಯಿಬಿಟ್ಟು ಹೇಳಬೇಕು ಅಂತಿದೆ. ಸುಮ್ನೆ ಟಿಕ್ ಹಾಕಿದರೆ ಅದು ಆಗುವುದಿಲ್ಲ.

ಹಾಡೇ ಬೇಡ ಅಂತ ನಾನು ಹೇಳುವುದಿಲ್ಲ. ಗಂಟೆಗಟ್ಟಲೆ ನಿಂತು ಕೆಲಸ ಮಾಡುವವರಿಗೆ ಅದು ಹಿತ. ಆದರೆ ಯಾರು ಬೇಕಾದರೂ, ಹೊಸದಾಗಿ ಸೇರಿದ ಟೆಕ್ನಿಷಿಯನ್ ಕೂಡ, "ಆಫ್ ಮಾಡಿ" ಅಂದ ಕೂಡಲೇ ಅದು ನಿಲ್ಲಬೇಕು, ಯಾಕೆ ಅಂತ ಕೇಳಬಾರದು. ಸರ್ಜನ್ ಫೋನು ಹೊರಗೆ ಒಬ್ಬರ ಕೈಯಲ್ಲಿರಲಿ. ತುರ್ತು ಯಾವುದು ಅಂತ ತೀರ್ಮಾನಿಸಲು ಅವರಿಗೆ ಗೊತ್ತಿರಬೇಕು.

ಕೊನೆಗೆ ರೋಗಿಯ ಕಡೆಯವರ ವಿಷಯ. "ಆಪರೇಷನ್ ಮುಗೀತಾ?" ಅಂತ ಡಾಕ್ಟರ್ ಮೊಬೈಲಿಗೇ ಫೋನ್ ಮಾಡುವುದು, ಬಾಗಿಲು ತಟ್ಟುವುದು ಅವರ ತಪ್ಪಲ್ಲ. ಮೂರು ಗಂಟೆ ಯಾರೂ ಏನೂ ಹೇಳದಿದ್ದರೆ ಇನ್ನೇನು ಮಾಡುತ್ತಾರೆ? ಓಟಿ ಹೊರಗೆ ಒಬ್ಬರನ್ನು ಕೂರಿಸಿ, "ಶುರುವಾಗಿದೆ, ನಡೀತಿದೆ, ಹೊಲಿಗೆ ಹಾಕ್ತಿದ್ದಾರೆ" ಅಂತ ಆಗಾಗ ಹೇಳಿಸಿ. ನಾಳೆಯಿಂದಲೇ ಮಾಡಬಹುದಾದ ಕೆಲಸ ಇದು.