ಯಾವ ಬೆಳಕು?

ಕೇಳುಗರಿಗೆ ನಮಸ್ಕಾರ. ಇವತ್ತು ದ್ಯುತಿವಿದ್ಯುತ್ ಪರಿಣಾಮದ ಬಗ್ಗೆ ಮಾತಾಡೋಣ. ಹೆಸರು ಕೇಳಿ ಹೆದರಬೇಡಿ. ಲೋಹದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್‌ಗಳು ಹೊರಗೆ ಹಾರುತ್ತವೆ, ಅಷ್ಟೇ. ಆದರೆ ಎಲ್ಲ ಬೆಳಕಿಗೂ ಹಾರುವುದಿಲ್ಲ. ಸೆಕೆಂಡ್ ಪಿಯುಸಿ ಮಕ್ಕಳೇ, ಎಷ್ಟು ಬೆಳಕು ಅಂತ ಕೇಳಬೇಡಿ, ಯಾವ ಬೆಳಕು ಅಂತ ಕೇಳಿ.

ಕೋಲಾರದಲ್ಲಿ ನಾನು ಪಾಠ ಮಾಡುತ್ತಿದ್ದ ಕಾಲ. ಸತುವಿನ ತಟ್ಟೆಯನ್ನು ಉಪ್ಪುಕಾಗದದಿಂದ ಉಜ್ಜಿ, ಚಾರ್ಜ್ ಇದ್ದರೆ ರೇಕು ಅಗಲಿಸಿ ತೋರಿಸುವ ಎಲೆಕ್ಟ್ರೋಸ್ಕೋಪ್ ಮೇಲಿಟ್ಟು, ನೆಗೆಟಿವ್ ಚಾರ್ಜ್ ಕೊಟ್ಟೆ. ಒಳಗಿನ ಚಿನ್ನದ ರೇಕು ಅಗಲವಾಗಿ ನಿಂತಿತು. ಹುಡುಗರು ಟಾರ್ಚ್ ಬಿಟ್ಟರು. ರೇಕು ಅಲುಗಲಿಲ್ಲ. ಕೊನೇ ಬೆಂಚಿನವನೊಬ್ಬ ಎದ್ದು, "ಸಾರ್, ಬೆಳಕು ಸಾಲದು. ನಮ್ಮ ಮಾವ ಮದುವೆ ವಿಡಿಯೋ ತೆಗೀತಾರೆ, ಅವರ ಹತ್ರ 1000 ವ್ಯಾಟ್ ಲೈಟ್ ಇದೆ" ಅಂದ. ಮಾರನೇ ದಿನ ತಂದೇಬಿಟ್ಟ! ಮುಂದೆ ದಪ್ಪ ಗಾಜಿನ ದೊಡ್ಡ ಲೈಟು. ಕೋಣೆಯೆಲ್ಲ ಕಾದು ನಾವು ಬೆವರಿದೆವು. ರೇಕು ಇದ್ದಲ್ಲೇ ಇತ್ತು.

ಆಮೇಲೆ ನಾನು ಕಣ್ಣಿಗೆ ಕಾಣದ ನೇರಳಾತೀತ ಕಿರಣ ಕೊಡುವ ಪುಟ್ಟ ಪಾದರಸದ ದೀಪ ಹಚ್ಚಿದೆ. ನೋಡಲು ಮಂಕು, ಆದರೂ ಅದನ್ನು ನೇರವಾಗಿ ನೋಡಬಾರದು. ರೇಕು ಸರ್ರನೆ ಇಳಿಯಿತು, ಅಂದರೆ ಎಲೆಕ್ಟ್ರಾನ್‌ಗಳು ಹಾರಿ ಚಾರ್ಜ್ ಖಾಲಿಯಾಯಿತು. ಹುಡುಗ ನಂಬಲಿಲ್ಲ. ಮತ್ತೆ ಚಾರ್ಜ್ ಮಾಡಿ, ನಡುವೆ ಕಿಟಕಿ ಗಾಜಿನ ತುಂಡು ಹಿಡಿದ. ರೇಕು ಇಳಿಯಲಿಲ್ಲ. ಗಾಜು ತೆಗೆದ, ಇಳಿಯಿತು. ಗಾಜು ನೇರಳಾತೀತವನ್ನು ತಡೆಯುತ್ತದೆ ಅಂತ ಯಾರೂ ಅವನಿಗೆ ಹೇಳಿಕೊಡಬೇಕಾಗಲಿಲ್ಲ. ಪೀರಿಯಡ್ ಪೂರ್ತಿ ಅದನ್ನೇ ಮಾಡಿದ, ನಾನು ತಡೆಯಲಿಲ್ಲ.

ಯಾಕೆ ಹೀಗೆ? ಶ್ರೀನಿವಾಸಪುರದ ಮಾವಿನ ತೋಪು ನೆನೆಸಿಕೊಳ್ಳಿ. ಒಂದು ಮೂಟೆ ರಾಗಿ ಎರಚಿದರೂ ಕಾಯಿ ಬೀಳಲ್ಲ. ಒಂದೇ ಒಂದು ಕಲ್ಲು ಬಿದ್ದರೆ ಬೀಳುತ್ತೆ, ಅಲ್ವಾ? ಬೆಳಕು ಕಾಳುಕಾಳಾಗಿ ಬರುತ್ತದೆ ಅಂತ 1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇದನ್ನೇ. ಸತುವಿನಿಂದ ಒಂದು ಎಲೆಕ್ಟ್ರಾನ್ ಬಿಡಿಸಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು; ಎಲೆಕ್ಟ್ರಾನ್ ವೋಲ್ಟ್ ಅಂದರೆ ಶಕ್ತಿಯ ಪುಟ್ಟ ಅಳತೆ. ಕೆಂಪು ಬೆಳಕಿನ ಕಾಳಿನಲ್ಲಿ 2 ಕೂಡ ಇರುವುದಿಲ್ಲ. ಸಾವಿರ ವ್ಯಾಟ್ ಸುರಿದರೂ ಅದು ರಾಗಿಯೇ. ಎಷ್ಟು ಅಲ್ಲ, ಯಾವ ಬೆಳಕು!

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಸರಿಯಾದ ಬೆಳಕನ್ನು ಜಾಸ್ತಿ ಮಾಡಿದರೆ ಹೊರಬರುವ ಎಲೆಕ್ಟ್ರಾನ್‌ಗಳ ಸಂಖ್ಯೆ ಜಾಸ್ತಿ ಆಗುತ್ತದೆ, ವೇಗ ಆಗುವುದಿಲ್ಲ. ವೇಗ ಹೆಚ್ಚಬೇಕಾದರೆ ಬೆಳಕಿನ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನೋದು, ಹೆಚ್ಚಬೇಕು; ಆಗಲೇ ಒಂದೊಂದು ಕಾಳಿನ ಶಕ್ತಿ ಹೆಚ್ಚುವುದು. ಉತ್ತರಪತ್ರಿಕೆಗಳಲ್ಲಿ ಪ್ರತಿ ವರ್ಷ ಇದನ್ನೇ ತಿರುಗಿಸಿ ಬರೆಯುತ್ತೀರಿ, ದಯವಿಟ್ಟು ಬೇಡ. ಇನ್ನೊಂದು, ಬೆಳಕು ಬಿದ್ದ ತಕ್ಷಣ ಎಲೆಕ್ಟ್ರಾನ್ ಹೊರಡುತ್ತದೆ, ಸೆಕೆಂಡಿನ 100 ಕೋಟಿಯಲ್ಲಿ ಒಂದು ಭಾಗವೂ ಕಾಯುವುದಿಲ್ಲ.

ನಮ್ಮ ಕೆಜಿಎಫ್ ಮಾತು ಹೇಳದೆ ಏಳುವುದಿಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2 ಕಿಲೋಮೀಟರ್‌ಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಗುರುತನ್ನು ವಿಜ್ಞಾನಿಗಳು ಹಿಡಿದರು. ಅಲ್ಲಿ ಅವುಗಳಿಂದ ಹುಟ್ಟಿದ ಕಣ ಹಾದಾಗ ಪ್ಲಾಸ್ಟಿಕ್ ಹಲಗೆಗಳಲ್ಲಿ ಮಿಣುಕಿದ ಚೂರು ಬೆಳಕನ್ನು ವಿದ್ಯುತ್ತಾಗಿ ಬದಲಿಸಿದ್ದು ಫೋಟೋಮಲ್ಟಿಪ್ಲೈಯರ್ ಎಂಬ ಕೊಳವೆ. ಅದರ ಬಾಯಲ್ಲಿ ನಡೆದದ್ದೂ ಇದೇ. ಒಂದು ಕಾಳು ಬೆಳಕು ಬಿತ್ತು, ಒಂದು ಎಲೆಕ್ಟ್ರಾನ್ ಎದ್ದು ಬಂತು. ನಮಸ್ಕಾರ.