ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ?

ಕೇಳುಗರಿಗೆ ನಮಸ್ಕಾರ.

ಕೆಲಸ ಕಳೆದುಕೊಂಡವರ ಬಗ್ಗೆ ಆಗಾಗ ಮಾತು ಬರುತ್ತಲೇ ಇರುತ್ತದೆ. ಬರಬೇಕಾದ್ದೇ. ನಾನು ಇವತ್ತು ಮಾತಾಡುವುದು ಅವರ ಪಕ್ಕದ ಸೀಟಿನವರ ಬಗ್ಗೆ. ಕೆಲಸ ಉಳಿದವರ ಬಗ್ಗೆ. ಆಫೀಸಿನ ಒಂದು ಭಾಗವನ್ನೇ ಎತ್ತಿ ಬೇರೆ ದೇಶಕ್ಕೆ ಕೊಟ್ಟುಬಿಟ್ಟರು. ವರ್ಷಗಟ್ಟಲೆ ನಿಮ್ಮ ಜೊತೆ ಕೂತಿದ್ದವರು ಸೋಮವಾರ ಬರಲಿಲ್ಲ. ನೀವು ಮಾತ್ರ ಇದ್ದೀರಿ. ಐಡಿ ಕಾರ್ಡ್ ಕೊರಳಿಗೆ ಹಾಕಿಕೊಳ್ಳುವಾಗ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಅಂಥವರು ಯಾರಾದರೂ ಕೇಳುತ್ತಿದ್ದರೆ ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ.

ನನಗೆ ಹೇಳಲಿಕ್ಕೆ ಇರುವುದು ಒಂದೇ ಮಾತು. ಮೊದಲೇ ಹೇಳಿಬಿಡುತ್ತೇನೆ. ಹೋದವರಿಗೆ ಫೋನ್ ಮಾಡಿ. ಮೆಸೇಜ್ ಅಲ್ಲ. ವಾಟ್ಸಾಪಿನ ಕೈಮುಗಿಯುವ ಚಿತ್ರ ಅಲ್ಲ. ಫೋನ್.

ಇಷ್ಟು ಹೇಳಲಿಕ್ಕೆ ಆಪ್ತ ಸಮಾಲೋಚಕಿ ಬೇಕಾ ಅಂತ ನೀವು ಕೇಳಬಹುದು. ಬೇಕು. ಯಾಕೆಂದರೆ ಈ ನೋವು ಹೊತ್ತು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿರುತ್ತಾರೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಬಂದಳು. ಹಾಸನದ ಕಡೆಯವಳು, ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸ. ನಿದ್ದೆ ಇಲ್ಲ ಅಂದಳು. ರಾತ್ರಿ ಪಾಳಿಯವರಿಗೆ ನಿದ್ದೆಯ ತೊಂದರೆ ಇದ್ದದ್ದೇ, ಅದೇ ಇರಬೇಕು ಅಂದುಕೊಂಡೆ. ಅದಲ್ಲ. ಅವರದು 22 ಜನರ ಟೀಮು. ಅಮೆರಿಕದ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವ ಕೆಲಸವನ್ನೆಲ್ಲ ಫಿಲಿಪ್ಪೀನ್ಸ್ ದೇಶದ ಮನಿಲಾಕ್ಕೆ ಸಾಗಿಸಿದ್ದರು. ಇಮೇಲು, ಬಿಲ್ಲಿನ ಕೆಲಸ ಇಲ್ಲಿ ಉಳಿದಿತ್ತು. 14 ಜನ ಹೋದರು, 8 ಜನ ಉಳಿದರು.

ಇದೇನೂ ಹೊಸದಲ್ಲ ಬಿಡಿ. 2010ರ ಹೊತ್ತಿಗೇ ಫೋನಿನಲ್ಲಿ ಮಾತಾಡುವ ಕೆಲಸದಲ್ಲಿ ಫಿಲಿಪ್ಪೀನ್ಸ್ ನಮ್ಮನ್ನು ಹಿಂದೆ ಹಾಕಿತ್ತು. 1898ರಿಂದ ಹತ್ತಿರ ಹತ್ತಿರ ಅರ್ಧ ಶತಮಾನ ಅಮೆರಿಕದವರು ಆಳಿದ ದೇಶ ಅದು. ಅಲ್ಲಿನವರ ಇಂಗ್ಲಿಷ್ ಅಮೆರಿಕದವರ ಕಿವಿಗೆ ಹಿತ. ನಮ್ಮ ಮಕ್ಕಳಿಗೆ ಆ ಧಾಟಿ ಬರಿಸಲು ವಾರಗಟ್ಟಲೆ ತರಬೇತಿ ಬೇಕು.

ಹೋದ 14 ಜನರಲ್ಲಿ ಇವಳ ಗೆಳತಿಯೂ ಒಬ್ಬಳು. ವಯಸ್ಸಿನಲ್ಲಿ ದೊಡ್ಡವಳು, ಇವಳು ಅಕ್ಕ ಅಂತಲೇ ಕರೆಯುತ್ತಿದ್ದಳು. ನಾವೂ ಅಕ್ಕ ಅಂತಲೇ ಅನ್ನೋಣ, ಹೆಸರು ಯಾಕೆ. ಈ ಅಕ್ಕ ಹೋಗುವ ಮುಂಚೆ ಆರು ವಾರ ಕೆಟಿ ಕೊಡಬೇಕಾಗಿತ್ತು. ಕೆಟಿ ಗೊತ್ತಲ್ಲ? ನಿಮ್ಮ ಜಾಗಕ್ಕೆ ಬರುವವರಿಗೆ ನಿಮ್ಮ ಕೆಲಸವನ್ನು ನೀವೇ ಕೂತು ಕಲಿಸಿ ಹೋಗುವುದು. ಪರದೆಯ ಆಚೆ ಮನಿಲಾದ ಒಬ್ಬ ಚಿಕ್ಕ ಹುಡುಗಿ. ಎರಡನೇ ದಿನವೇ ಆ ಹುಡುಗಿ ಮಾತುಮಾತಿಗೆ "ಆತೆ, ಆತೆ" ಅನ್ನತೊಡಗಿದಳು. ಅಕ್ಕನಿಗೆ ರೇಗಿತು. "ನನ್ನ ಕೆಲಸಾನೂ ತಗೊಂಡು ನನ್ನನ್ನೇ ಅತ್ತೆ ಅಂತಾಳಲ್ಲ! ನಂಗೇನು ಅಷ್ಟು ವಯಸ್ಸಾಯ್ತಾ?" ಅಂತ ಹೆಡ್‌ಫೋನ್ ತೆಗೆದಿಟ್ಟು ಕೂಗಾಡಿದಳಂತೆ. ಇಡೀ ಟೀಮು ಬಿದ್ದು ಬಿದ್ದು ನಕ್ಕಿತು. ಆಮೇಲೆ ಗೊತ್ತಾಯಿತು, ಅವರ ಟಾಗಲೋಗ್ ಭಾಷೆಯಲ್ಲಿ ಆತೆ ಅಂದರೆ ಅಕ್ಕ.

ಇದನ್ನು ಹೇಳುತ್ತಾ ನನ್ನೆದುರು ಕೂತಿದ್ದವಳು ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. "ಈಗಲೂ ಕ್ಯಾಂಟೀನಿಗೆ ಹೋದ್ರೆ ಎರಡು ಟೀ ಹೇಳಿಬಿಡ್ತೀನಿ ಮೇಡಂ" ಅಂದಳು.

ಅಕ್ಕನ ಜೊತೆ ಮಾತಾಡಿದೆಯಾ ಅಂತ ಕೇಳಿದೆ. ಇಲ್ಲ. ಎಷ್ಟು ದಿನವಾಯಿತು? 40 ದಿನ. "ಯಾವ ಮುಖ ಇಟ್ಕೊಂಡು ಫೋನ್ ಮಾಡಲಿ ಮೇಡಂ? ನಾನು ಸಂಬಳ ಎಣಿಸ್ತಾ ಕೂತಿದೀನಿ."

ನನಗೆ ತಾಳ್ಮೆಯವಳು ಅಂತ ಹೆಸರಿದೆ. ಅವತ್ತು ತಡೆಯಲಿಲ್ಲ. "ಇರೋ ಮುಖಾನೇ ಇಟ್ಕೊಂಡು ಮಾಡಮ್ಮ. ಫೋನಿನಲ್ಲಿ ಹೇಗೂ ಮುಖ ಕಾಣಲ್ಲ" ಅಂದೆ.

ನನ್ನ ಕೋಣೆಯಿಂದಲೇ ಮಾಡಿದಳು. ಆ ಕಡೆಯಿಂದ ಬಂದ ಮೊದಲ ಮಾತು ನನಗೂ ಕೇಳಿಸಿತು. "ಬದುಕಿದೀಯೇನೇ?" ಇವಳು "ಅಕ್ಕಾ" ಅಂದಳು ಅಷ್ಟೇ, ಮುಂದೆ ಮಾತು ಹೊರಡಲಿಲ್ಲ. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ನನ್ನನ್ನು ನೋಡಲು ಬಂದ ಇನ್ನೊಬ್ಬರು ಹೊರಗೆ ಕಾಯುತ್ತಿದ್ದರು. ಕಾಯಲಿ ಬಿಡಿ. ಅಕ್ಕ ಏನಂದಳು ಅಂತ ಫೋನ್ ಇಟ್ಟ ಮೇಲೆ ಇವಳು ಹೇಳಿದಳು. "ಕಂಪನಿಯವರ ಮೇಲೆ ನಂಗೆ ಅಷ್ಟು ಬೇಜಾರಿಲ್ಲ ಕಣೇ. ನನ್ನ ಕೆಲಸ ತಗೊಂಡ ಆ ಮನಿಲಾ ಹುಡುಗಿ ವಾರಕ್ಕೊಂದ್ಸಲ ಮಾತಾಡಿಸಿ ಊಟ ಆಯ್ತಾ ಆತೆ ಅಂತಾಳೆ. ನೀನು ಏಳು ವರ್ಷ ಪಕ್ಕದಲ್ಲಿ ಕೂತು ನನ್ನ ಡಬ್ಬಿಯ ಚಿತ್ರಾನ್ನ ತಿಂದವಳು. ನೀನು ಕೇಳಲಿಲ್ಲ."

ಅಂದ ಹಾಗೆ, ಆ ದೇಶದಲ್ಲೂ ನಮ್ಮ ಹಾಗೆಯೇ, ಕಂಡವರನ್ನು ಊಟ ಆಯ್ತಾ ಅಂತ ಕೇಳುವ ರೂಢಿ ಇದೆ.

ಮುಂದಿನ ವಾರ ಇವಳು ಬಂದಾಗ ನಿದ್ದೆಯ ಮಾತೇ ಎತ್ತಲಿಲ್ಲ. ಭಾನುವಾರ ಅಕ್ಕನ ಮನೆಗೆ ಹೋಗಿದ್ದಳಂತೆ. ಇಬ್ಬರೂ ಕೂತು ಅಕ್ಕನ ಬಯೋಡೇಟಾ ತಿದ್ದಿದರಂತೆ.

ನೋಡಿ, ಸಾವಿನ ಮನೆಗೆ ಹೋಗುವುದು ನಮಗೆ ಗೊತ್ತು. ಅವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಅಡುಗೆ ಮಾಡಿ ಒಯ್ಯುತ್ತೇವೆ. ಮಾತು ಬರದಿದ್ದರೆ ಸುಮ್ನೆ ಕೂತು ಎದ್ದು ಬರುತ್ತೇವೆ. ಯಾರೂ ತಪ್ಪು ತಿಳಿಯುವುದಿಲ್ಲ. ಕೆಲಸ ಹೋದವರ ಮನೆಗೆ ಹೋಗುವುದು ಮಾತ್ರ ನಮಗೆ ಯಾರೂ ಕಲಿಸಿಲ್ಲ. ಉಳಿದವರಿಗಂತೂ ಅಳುವ ಹಕ್ಕೇ ಇಲ್ಲ. "ನಿಂಗೆ ಕೆಲಸ ಇದೆಯಲ್ಲ, ಪುಣ್ಯವಂತೆ" ಅಂದುಬಿಡುತ್ತಾರೆ ಮನೆಯವರು. ಹೀಗೆ ಸುತ್ತಲಿನವರು ಒಪ್ಪದ ದುಃಖಕ್ಕೆ 1989ರಲ್ಲಿ ಕೆನ್ನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು ಒಂದು ಹೆಸರನ್ನೇ ಕೊಟ್ಟರು. ಕನ್ನಡದಲ್ಲಿ ನಾನು ಅದನ್ನು ಹಕ್ಕಿಲ್ಲದ ದುಃಖ ಅನ್ನುತ್ತೇನೆ. ಹೊರಗೆ ತೋರಿಸುವ ಹಾಗಿಲ್ಲ, ಹಾಗಾಗಿ ಒಳಗೇ ಹುಳಿಯುತ್ತದೆ. ಮೊದಲು ನಾಚಿಕೆ, ಆಮೇಲೆ ಸಿಡುಕು. ಅದಕ್ಕೇ ಫೋನ್ ಮಾಡಿ ಅನ್ನುವುದು.

ಕಾರ್ಯಕ್ರಮದವರು ಐದು ವಿಷಯ ಹೇಳಿ ಅಂದಿದ್ದರು. ಒಂದರಲ್ಲೇ ಹೊತ್ತು ಕಳೆದೆ. ಉಳಿದದ್ದನ್ನು ಓಡಿಸಿಬಿಡುತ್ತೇನೆ.

ಮನಿಲಾದವರನ್ನು ಬೈಯಬೇಡಿ. 20 ವರ್ಷದ ಹಿಂದೆ ಅಮೆರಿಕದಲ್ಲಿ ಕೆಲಸ ನಮ್ಮ ಕಡೆಗೆ ಬಂದು ಕೈ ಖಾಲಿಯಾದವರು "ನಾನು ಬ್ಯಾಂಗಲೋರ್ಡ್ ಆದೆ" ಅನ್ನುತ್ತಿದ್ದರು. ನಮ್ಮ ಊರಿನ ಹೆಸರೇ ಅಲ್ಲಿ ಕ್ರಿಯಾಪದವಾಗಿತ್ತು. ಅವತ್ತು ನಮ್ಮ ಹುಡುಗರಿಗೆ ಕೆಲಸ ಕಲಿಸಿ ಮನೆಗೆ ಹೋದವರಿಗೂ ಪಕ್ಕದ ಸೀಟಿನ ಗೆಳೆಯರಿದ್ದರು, ಅಲ್ವಾ?

ಹೋದವರ ಕೆಲಸವನ್ನೆಲ್ಲ ನಿಮ್ಮ ತಲೆಗೆ ಕಟ್ಟಿದರೆ ಸುಮ್ಮನೆ ಒಪ್ಪಬೇಡಿ. ತಪ್ಪಿತಸ್ಥ ಭಾವನೆ ಇರುವವರು ಜಾಸ್ತಿ ದುಡಿದು ಅದನ್ನು ತೀರಿಸಲು ನೋಡುತ್ತಾರೆ. ರಾತ್ರಿ ಹತ್ತರವರೆಗೆ ನೀವು ಆಫೀಸಿನಲ್ಲಿ ಕೂತರೆ ಹೋದವರಿಗೆ ನಯಾಪೈಸೆ ಲಾಭವಿಲ್ಲ.

ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಟೆಲಿ ಮಾನಸ್ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಸಹಾಯವಾಣಿ, 14416. ದುಡ್ಡು ಕೊಡಬೇಕಾಗಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಫೋನ್ ಮಾಡಿ ಏನು ಹೇಳುವುದು ಅಂತ ಯೋಚಿಸುತ್ತಿದ್ದೀರಾ? ಊಟ ಆಯ್ತಾ ಅಂತ ಕೇಳಿ. ಬೇರೆ ಕೆಲಸ ಸಿಕ್ಕಿತಾ ಅಂತ ಮಾತ್ರ ಕೇಳಬೇಡಿ, ಅದನ್ನು ಕೇಳಲು ಅವರ ನೆಂಟರೆಲ್ಲ ಇದ್ದಾರೆ. ನನ್ನ ಮಾತು ಮುಗಿದ ಮೇಲೆ ಹಾಡು ಹಾಕುತ್ತಾರೆ. ಹಾಡು ನಾಳೆ ಕೇಳಿದರಾಯಿತು. ಅವರು ಇವತ್ತು ಫೋನ್ ಎತ್ತದಿದ್ದರೆ ನಾಳೆ ಮತ್ತೆ ಮಾಡಿ.

ನಮಸ್ಕಾರ.